ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ

ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದ ಕಾಲೇಜು ತಂಡವೊಂದಕ್ಕೆ ದೊರೆಯತಕ್ಕ ಬಹುಮಾನವೇನು? ಹಾರ ತುರಾಯಿಗಳು, ಬೆಳ್ಳಿಯ ಬಟ್ಟಲು, ಊರ ಬೀದಿಯಲ್ಲೊಂದು ಮೆರವಣಿಗೆ ಎಂದು ವಾಚಕರು ಊಹಿಸಬಹುದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು 1951ರಲ್ಲಿ ಇಂಥದೊಂದು ಸಾಧನೆಯನ್ನು ಮಾಡಿತು. ಋತು ಮುಗಿದ ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯವು ಆ ತಂಡವನ್ನೇ ವಿಸರ್ಜಿಸಿಬಿಟ್ಟಿತು. ಆ ಹುಡುಗರಿಗೆ ಉಳಿದದ್ದು ಮೂರು ಮಾತುಗಳ ಒಂದು ಬಿರುದು: ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ. ಆ ಮೂರನೆಯ ಮಾತು ಹೇಗೆ ಸೇರಿಕೊಂಡಿತೆಂಬುದೇ ಇಲ್ಲಿಯ ಕಥೆ.

ಅದಕ್ಕೆ ಮುನ್ನ ಅಮೆರಿಕನ್ನರು ಯಾವುದನ್ನು ಫುಟ್‌ಬಾಲ್ ಎನ್ನುತ್ತಾರೆಂಬುದನ್ನು ತಿಳಿದುಕೊಳ್ಳುವುದು ಲೇಸು. ನಮ್ಮ ಹುಡುಗರು ಬಯಲಿನಲ್ಲಿ ಒದೆಯುವ ದುಂಡುಚೆಂಡಿನ ಆಟ ಅದಲ್ಲ. ಅದನ್ನು ಅವರು ಸಾಕರ್ ಎಂದು ಕರೆದು ಪಕ್ಕಕ್ಕಿಟ್ಟಿದ್ದಾರೆ. ಅವರ ಫುಟ್‌ಬಾಲಿನ ಚೆಂಡು ಎರಡು ತುದಿಗಳಲ್ಲಿಯೂ ಚೂಪು; ಕಾಲಿಗಿಂತ ಕೈಗೇ ಅದರ ನಂಟು ಹೆಚ್ಚು. ಹನ್ನೊಂದು ಹನ್ನೊಂದು ಮಂದಿಯ ಎರಡು ಪಾಳೆಯಗಳು, ನೂರು ಗಜದ ರಂಗ. ಚೆಂಡನ್ನು ಎದೆಗವಚಿಕೊಂಡು ಓಡಬಹುದು, ಇಲ್ಲವೆ ಮುಂದಿರುವ ಜೊತೆಗಾರನಿಗೆ ಎಸೆಯಬಹುದು. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ತುದಿಗೆರೆಯನ್ನು ದಾಟಿದರೆ ಆರು ಅಂಕಗಳು. ಅದಕ್ಕೆ ಟಚ್‌ಡೌನ್ ಎಂದು ಹೆಸರು. ಓಡುವವನ ಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡಹುವುದು ಈ ಆಟದಲ್ಲಿ ಅಪರಾಧವಲ್ಲ, ಕರ್ತವ್ಯ. ಆದಕಾರಣವೇ ಆಟಗಾರರು ಶಿರಸ್ತ್ರಾಣ, ಭುಜಕವಚಗಳನ್ನು ತೊಟ್ಟು ಯುದ್ಧಕ್ಕೆ ಹೊರಟವರಂತೆ ರಂಗಕ್ಕಿಳಿಯುತ್ತಾರೆ. ನಮ್ಮ ಕಬಡ್ಡಿಯ ಹಿಡಿತ, ಗರಡಿಯ ಪಟ್ಟು, ಓಟಗಾರನ ವೇಗ ಇವು ಮೂರನ್ನೂ ಬೆರೆಸಿ, ಮೇಲೆ ಚದುರಂಗದ ಲೆಕ್ಕಾಚಾರವನ್ನು ಹೊದಿಸಿದರೆ ಈ ಆಟದ ಕಲ್ಪನೆ ಸ್ಥೂಲವಾಗಿ ಬಂದೀತು.

ಕಾಲೇಜುಗಳ ಋತು ಸೆಪ್ಟೆಂಬರಿನಲ್ಲಿ ಆರಂಭವಾಗಿ ನವೆಂಬರಿನ ಕೊನೆಗೆ ಮುಗಿಯುತ್ತಿತ್ತು. ಆದರೆ ಶ್ರೇಷ್ಠ ತಂಡಗಳಿಗೆ ಹೊಸ ವರ್ಷದ ಸುಮಾರಿಗೆ ಇನ್ನೊಂದು ಪಂದ್ಯವಿರುತ್ತಿತ್ತು. ಬಟ್ಟಲಿನ ಆಕಾರದ ಕ್ರೀಡಾಂಗಣದಲ್ಲಿ ನಡೆಯುವ ಪ್ಯಾಸಡೀನಾದ ರೋಸ್ ಬೌಲ್ ಇವುಗಳ ಪೈಕಿ ಹಿರಿಯದು. ಅದನ್ನನುಸರಿಸಿ ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನಲ್ಲಿ ಶುಗರ್ ಬೌಲ್, ಜ್ಯಾಕ್ಸನ್‌ವಿಲ್ಲಿನಲ್ಲಿ ಗೇಟರ್ ಬೌಲ್ ಹೀಗೆ ಒಂದೊಂದೂ ಹುಟ್ಟಿಕೊಂಡವು. ಇವಕ್ಕೆ ಅರ್ಜಿ ಹಾಕಿಕೊಳ್ಳುವ ಪದ್ಧತಿಯಿಲ್ಲ. ಆಯಾ ಊರಿನ ಸಮಿತಿಯವರು ಕರೆಯಬೇಕು. ಕರೆ ಬಂದರೆ ಕಾಲೇಜಿಗೆ ಕೀರ್ತಿಯೂ ಉಂಟು, ಗೇಟಿನ ಹಣದಲ್ಲಿ ಪಾಲೂ ಉಂಟು. 1946ರ ಒಪ್ಪಂದದ ಮೇರೆಗೆ ರೋಸ್ ಬೌಲ್ ಎರಡು ದೊಡ್ಡ ಒಕ್ಕೂಟಗಳ ಸೊತ್ತಾಗಿತ್ತು. ಯಾವ ಒಕ್ಕೂಟಕ್ಕೂ ಸೇರದ ಸ್ಯಾನ್ ಫ್ರಾನ್ಸಿಸ್ಕೋದಂಥ ತಂಡ ಕಣ್ಣೆತ್ತಿ ನೋಡಬೇಕಾದದ್ದು ದಕ್ಷಿಣ ರಾಜ್ಯಗಳ ಬೌಲ್‌ಗಳ ಕಡೆಗೇ.

ಬೆಟ್ಟದ ಮೇಲಿನ ಕಾಲೇಜು

ಈ ವಿಶ್ವವಿದ್ಯಾಲಯವನ್ನು ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಸ್ಥಾಪಿಸಿದರು. ಹೆಸರಿಗೆ ವಿಶ್ವವಿದ್ಯಾಲಯವಾದರೂ ಗಾತ್ರದಲ್ಲಿ ಅದು ಸಣ್ಣ ಸಂಸ್ಥೆ. ಅದರ ಆಟಗಾರರಿಗೆ ಡಾನ್ಸ್ ಎಂದು ಹೆಸರು. ಪಂದ್ಯಗಳಿಗೆ ಊರಿನ ಕೀಝರ್ ಕ್ರೀಡಾಂಗಣವನ್ನೇ ಆಶ್ರಯಿಸಬೇಕಾಗಿತ್ತು. ಆ ಕ್ರೀಡಾಂಗಣದಲ್ಲೇ 1946ರಲ್ಲಿ ಹುಟ್ಟಿದ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡವೂ ಆಡುತ್ತಿತ್ತು. ಊರಿನ ಜನ ಯಾವುದಕ್ಕೆ ಕಾಸು ಕೊಟ್ಟು ಹೋಗುತ್ತಿದ್ದರೆಂಬುದನ್ನು ಹೇಳಬೇಕಾಗಿಲ್ಲ.

1948ರಲ್ಲಿ ಶಿಕ್ಷಕನಾಗಿ ಬಂದವನು ಜೋ ಕುಹಾರಿಚ್. ತಾನೂ ನಾಟರ್ ಡೇಮ್ ಕಾಲೇಜಿನಲ್ಲಿ ಆಡಿ ಹೆಸರು ಮಾಡಿದವನು. ಶಿಸ್ತಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಅವನ ಬಳಿ ಇರಲಿಲ್ಲ. ಋತುವಿಗೆ ಮೊದಲು ಅವನು ಹುಡುಗರನ್ನು ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದನು. ಉತ್ತರ ಕ್ಯಾಲಿಫೋರ್ನಿಯದ ಒಳನಾಡಿನಲ್ಲಿ, ಆಲಿವ್ ತೋಪುಗಳ ನಡುವೆ ಇರುವ ಊರು ಅದು. ಸ್ಯಾನ್ ಫ್ರಾನ್ಸಿಸ್ಕೋದ ಮಂಜುಗಾಳಿಗೆ ಒಗ್ಗಿದ ಮೈಗಳು ಅಲ್ಲಿಯ ಬೇಸಗೆಯ ಬಿಸಿಲಿನಲ್ಲಿ, ಗಟ್ಟಿನೆಲದ ಧೂಳಿನಲ್ಲಿ ಬೆಳಗೂ ಬೈಗೂ ಬೇಯಬೇಕಾಯಿತು. ಆಟದ ನಡುವೆ ನೀರು ಕುಡಿಯುವುದನ್ನು ಆ ಕಾಲದ ಶಿಕ್ಷಕರು ದೌರ್ಬಲ್ಯದ ಕುರುಹೆಂದೆಣಿಸುತ್ತಿದ್ದರು. ಇಂದಿನ ವೈದ್ಯರು ಕೇಳಿದರೆ ಹೌಹಾರಿಯಾರು. ಆದರೆ ಆ ಬೇಗೆಯಲ್ಲಿ ಜೊತೆಯಾಗಿ ಬೆಂದವರ ನಡುವೆ ಬೆಳೆದ ಬಾಂಧವ್ಯವು ಮುಂದೆ ನಡೆದದ್ದಕ್ಕೆ ಒಂದು ಕಾರಣವಾಯಿತೆಂದು ಊಹಿಸಿದರೆ ತಪ್ಪಾಗಲಾರದು.

ತಂಡದಲ್ಲಿ ಎಂತೆಂಥವರಿದ್ದರು! ಗಿನೋ ಮಾರ್ಕೆಟ್ಟಿ ಇಟಲಿಯಿಂದ ವಲಸೆ ಬಂದವರ ಮಗ. ಎರಡನೆಯ ಮಹಾಯುದ್ಧದಲ್ಲಿ ಮೆಷಿನ್ ಗನ್ ಹಿಡಿದು ಯೂರೋಪಿನ ಹಿಮದಲ್ಲಿ ಹೋರಾಡಿ ಬಂದವನು. ಚರ್ಮದ ಅಂಗಿ ತೊಟ್ಟು ಮೋಟಾರು ಸೈಕಲ್ಲೇರಿ ಕಾಲೇಜಿಗೆ ಬಂದ ಅವನನ್ನು ಕಂಡು ಕುಹಾರಿಚ್ ಹುಬ್ಬು ಗಂಟಿಕ್ಕಿದನಂತೆ. ಬಾಬ್ ಸೇಂಟ್ ಕ್ಲೇರ್ ಆರು ಅಡಿ ಒಂಬತ್ತು ಅಂಗುಲ ಎತ್ತರದ ಆಸಾಮಿ. ಹಸಿಮಾಂಸವನ್ನೇ ತಿನ್ನುವ ಅಭ್ಯಾಸದಿಂದ ಹತ್ತಿರ ಕುಳಿತವರ ಊಟವನ್ನು ಕೆಡಿಸುತ್ತಿದ್ದವನು. ಪಂದ್ಯದ ಸುದ್ದಿಗಳನ್ನು ಪತ್ರಿಕೆಗಳಿಗೆ ತಲುಪಿಸುವ ಕೆಲಸ ಪೀಟ್ ರೋಝೆಲ್ ಎಂಬ ಇಪ್ಪತ್ತೈದರ ತರುಣನದು. ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ ಈ ಹಸನ್ಮುಖಿ ಮುಂದೆ ಇಡೀ ವೃತ್ತಿಪರ ಫುಟ್‌ಬಾಲ್ ಸಂಘಕ್ಕೆ ಅಧಿಪತಿಯಾದಾನೆಂದು ಆಗ ಯಾರಿಗೂ ತೋರಿರಲಿಲ್ಲ.

ಇವರೆಲ್ಲರ ಮಧ್ಯೆ ಇಬ್ಬರು ಕಪ್ಪು ಜನಾಂಗದ ಆಟಗಾರರಿದ್ದರು. ಆಲಿ ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಸ್ಸಿನಲ್ಲಿ. ಬರ್ಲ್ ಟೋಲರ್ ಟೆನೆಸೀ ರಾಜ್ಯದ ಮೆಂಫಿಸ್ ನಗರದವನು. ಇಬ್ಬರೂ ದಕ್ಷಿಣದ ಮಕ್ಕಳೇ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ, ಅಲ್ಲಿಂದ ಒಟ್ಟಿಗೆ ಈ ಕಾಲೇಜಿಗೆ ಬಂದರು. ಮ್ಯಾಟ್ಸನ್ ಚೆಂಡು ಹಿಡಿದು ಓಡುವವನು, ಟೋಲರ್ ಓಡುವವರನ್ನು ಹಿಡಿದು ಕೆಡಹುವವನು. ಅಭ್ಯಾಸದ ವೇಳೆ ಮ್ಯಾಟ್ಸನ್ನನಿಗೆ ಅಡ್ಡ ನಿಲ್ಲುತ್ತಿದ್ದವನು ಟೋಲರನೇ. ಅಂಥ ಎದುರಾಳಿ ದಿನವೂ ದೊರೆತ ಮೇಲೆ ಪಂದ್ಯದ ಎದುರಾಳಿಗಳು ಹಗುರವಾಗಿ ಕಂಡಿದ್ದರೆ ಆಶ್ಚರ್ಯವೇನು?

ಒಂಬತ್ತರಲ್ಲಿ ಒಂಬತ್ತು

ಋತುವಿನ ಮೊದಲ ಪಂದ್ಯದಿಂದಲೇ ತಂಡದ ಬಲ ಪ್ರಕಟವಾಯಿತು. ಸ್ಯಾನ್ ಹೋಸೆ, ಐಡಾಹೋ, ನೌಕಾದಳದವರು, ನೆರೆಯ ಸಾಂಟಾ ಕ್ಲಾರಾ ಹೀಗೆ ಬಂದವರೆಲ್ಲ ಸೋತರು. ಒಟ್ಟು ಒಂಬತ್ತು ಪಂದ್ಯಗಳಲ್ಲಿ ಡಾನ್ಸ್ ಗಳಿಸಿದ್ದು 286 ಅಂಕಗಳು, ಬಿಟ್ಟುಕೊಟ್ಟದ್ದು ಬರಿಯ 72. ಆ ಎಪ್ಪತ್ತೆರಡರಲ್ಲಿ ಇಪ್ಪತ್ತಾರು ಒಂದೇ ಪಂದ್ಯದಲ್ಲಿ ಹೋದವು. ಅದು ಅಕ್ಟೋಬರಿನಲ್ಲಿ, ಖಂಡದ ಮತ್ತೊಂದು ತುದಿಯ ನ್ಯೂಯಾರ್ಕಿನಲ್ಲಿ, ಫೋರ್ಡಮ್ ವಿಶ್ವವಿದ್ಯಾಲಯದ ವಿರುದ್ಧ ನಡೆದ ಪಂದ್ಯ.

ಆ ಕಾಲದಲ್ಲಿ ಅಮೆರಿಕದ ಕ್ರೀಡಾಕೀರ್ತಿಯ ಟಂಕಸಾಲೆ ನ್ಯೂಯಾರ್ಕಿನ ಪತ್ರಿಕಾಲಯಗಳಲ್ಲಿತ್ತು. ಪಶ್ಚಿಮದ ತಂಡವೊಂದು ಎಷ್ಟು ಗೆದ್ದರೂ ಪೂರ್ವದವರು ಕಣ್ಣಾರೆ ಕಾಣದ ಹೊರತು ನಂಬುತ್ತಿರಲಿಲ್ಲ. ಇದನ್ನರಿತ ರೋಝೆಲ್ ಅಲ್ಲಿಯ ಬರಹಗಾರರ ಬಾಗಿಲುಗಳನ್ನು ತಟ್ಟಿ ಮ್ಯಾಟ್ಸನ್ನನ ಗುಣಗಾನ ಮಾಡಿದ್ದನು. ಮಾಡಿದ ವರ್ಣನೆ ಉತ್ಪ್ರೇಕ್ಷೆಯಾಗಲಿಲ್ಲ. ಎದುರಾಳಿ ಒದ್ದ ಚೆಂಡನ್ನು ತನ್ನ ತುದಿಯಲ್ಲಿ ಹಿಡಿದ ಮ್ಯಾಟ್ಸನ್ ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಓಡಿ ಎದುರಿನ ತುದಿ ಮುಟ್ಟಿದನು. ಹನ್ನೊಂದು ಮಂದಿ ಕೆಡಹಲೆಂದು ಕಾದಿರುವ ರಂಗವನ್ನು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ದಾಟುವುದು ಒಂದು ಪಂದ್ಯದಲ್ಲಿ ಒಮ್ಮೆ ನಡೆದರೇ ಸುದ್ದಿ. ಎರಡು ಬಾರಿ ನಡೆದದ್ದನ್ನು ಏನೆನ್ನಬೇಕು? ಆದರೂ ಫೋರ್ಡಮ್ ಕೊನೆಯವರೆಗೆ ಬೆನ್ನು ಬಿಡಲಿಲ್ಲ. 32ಕ್ಕೆ 26 ಅಂಕಗಳಿಂದ ಡಾನ್ಸ್ ಪಾರಾದರು.

ಋತು ಮುಗಿದಾಗ ಮ್ಯಾಟ್ಸನ್ ಒಂಬತ್ತು ಪಂದ್ಯಗಳಲ್ಲಿ ಚೆಂಡು ಹಿಡಿದು ಓಡಿದ್ದ ದೂರ 1,566 ಗಜ, ಟಚ್‌ಡೌನ್‌ಗಳು 21. ಎರಡು ಲೆಕ್ಕದಲ್ಲಿಯೂ ದೇಶಕ್ಕೇ ಮೊದಲಿಗ. ಹೀಗಿದ್ದೂ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಅವನಿಗೆ ದೊರೆತದ್ದು ಒಂಬತ್ತನೆಯ ಸ್ಥಾನ. ಪ್ರಶಸ್ತಿ ಪಡೆದ ಪ್ರಿನ್ಸ್‌ಟನ್ನಿನ ಕಾಜ್‌ಮಾಯರ್ ಪ್ರತಿಭಾವಂತನೇ, ಅಲ್ಲವೆನ್ನುವಂತಿಲ್ಲ. ಆದರೆ ಮ್ಯಾಟ್ಸನ್ನನಿಗಿಂತ ಮೇಲಾದವರು ಎಂಟು ಮಂದಿ ಇದ್ದರೆಂಬುದನ್ನು ಮುಂದಿನ ಚರಿತ್ರೆ ಒಪ್ಪಲಿಲ್ಲ.

ಅದೇ ಅಕ್ಟೋಬರಿನಲ್ಲಿ ಒಕ್ಲಹೋಮ ರಾಜ್ಯದ ಸ್ಟಿಲ್‌ವಾಟರಿನಲ್ಲಿ ನಡೆದ ಘಟನೆಯೊಂದನ್ನೂ ಇಲ್ಲಿ ನೆನೆಯಬೇಕು. ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಎಂಬ ಕಪ್ಪು ಜನಾಂಗದ ಆಟಗಾರನು ಚೆಂಡನ್ನು ಬೇರೊಬ್ಬನಿಗೆ ಕೊಟ್ಟು ಸುಮ್ಮನೆ ನಿಂತಿದ್ದಾಗ ಎದುರಾಳಿಯೊಬ್ಬನು ಬಂದು ಅವನ ಮುಖಕ್ಕೆ ಮೊಣಕೈಯಿಂದ ಹೊಡೆದನು. ಬ್ರೈಟನ ದವಡೆ ಮುರಿಯಿತು. ಡಿ ಮಾಯ್ನ್ ನಗರದ ಪತ್ರಿಕೆಯೊಂದು ಈ ದೃಶ್ಯವನ್ನು ಸಾಲು ಚಿತ್ರಗಳಲ್ಲಿ ಹಿಡಿಯಿತು. ಆ ಚಿತ್ರಗಳಿಗೆ 1952ರ ಪುಲಿಟ್ಜರ್ ಪಾರಿತೋಷಕ ಬಂದಿತು. ಹೊಡೆದವನಿಗೆ ಅವನ ಕಾಲೇಜಿನಿಂದ ಯಾವ ಶಿಕ್ಷೆಯೂ ಆಗಲಿಲ್ಲ. ಕಾಲ ಅಂಥದು.

ಇಬ್ಬರನ್ನು ಬಿಟ್ಟು ಬನ್ನಿ

ನವೆಂಬರಿನಲ್ಲಿ ಸ್ಟಾಕ್‌ಟನ್ ನಗರದಲ್ಲಿ ಪೆಸಿಫಿಕ್ ಕಾಲೇಜಿನೊಂದಿಗೆ ಪಂದ್ಯ. ಎರಡರಲ್ಲಿ ಗೆದ್ದವರಿಗೆ ಬೌಲ್ ಕರೆ ಬರುವುದೆಂದು ಎಲ್ಲರ ಭಾವನೆ. ಡಾನ್ಸ್ 47ಕ್ಕೆ 14ರಿಂದ ಗೆದ್ದರು. ಮುಂದಿನ ವಾರ ಲಾಸ್ ಏಂಜಲಿಸಿನ ಲೊಯೋಲ ಕಾಲೇಜನ್ನು 20ಕ್ಕೆ 2ರಿಂದ ಮಣಿಸಿ ಋತುವನ್ನು ಮುಗಿಸಿದರು. ಇನ್ನು ಕರೆ ಬರುವುದೊಂದೇ ಬಾಕಿ.

ಕರೆಗೆ ಬದಲಾಗಿ ಬಂದದ್ದು ಒಂದು ಷರತ್ತು. ಆರೆಂಜ್ ಬೌಲಿಗೆ ನೀವು ಬರಬಹುದು. ಮ್ಯಾಟ್ಸನ್ ಮತ್ತು ಟೋಲರ್ ಬರುವಂತಿಲ್ಲ. ಫ್ಲಾರಿಡ ಮೊದಲಾದ ದಕ್ಷಿಣ ರಾಜ್ಯಗಳಲ್ಲಿ ಆಗ ಶಾಲೆ, ರೈಲು, ಹೋಟೆಲು, ಕುಡಿಯುವ ನೀರಿನ ನಲ್ಲಿ ಎಲ್ಲವೂ ವರ್ಣದ ಮೇರೆಗೆ ಬೇರೆಬೇರೆ. ಬಾವಿಕಟ್ಟೆಯ, ದೇವಾಲಯದ ಬಾಗಿಲಿನ ಚರಿತ್ರೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಆಟಗಾರರಿರುವ ತಂಡವನ್ನು ದಕ್ಷಿಣದ ಬೌಲ್‌ಗಳು ಕರೆಯುವುದಿಲ್ಲವೆಂಬ ಮಾತು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕಾವಲಯದಲ್ಲಿ ಬಹಿರಂಗವಾಗಿಯೇ ಕೇಳಿಬಂದಿತು. ಹೊರಗೆ ಹೇಳಲು ಬೇರೊಂದು ಕಾರಣವಿತ್ತು: ಸ್ಯಾನ್ ಫ್ರಾನ್ಸಿಸ್ಕೋ ತಂಡ ದುರ್ಬಲರೊಡನೆ ಆಡಿ ಗೆದ್ದಿದೆಯಂತೆ! ಈ ಕಾರಣದಲ್ಲಿ ಎಳ್ಳಷ್ಟು ಸತ್ಯವಿಲ್ಲವೆನ್ನಲಾಗದು. ಸೇನಾಶಿಬಿರಗಳ ತಂಡಗಳೂ ಆ ಪಟ್ಟಿಯಲ್ಲಿದ್ದವು. ಆದರೆ ಅವರಿಂದ ಮೂವತ್ತಮೂರು ಅಂಕಗಳ ಅಂತರದಲ್ಲಿ ಸೋತ ಪೆಸಿಫಿಕ್ ಕಾಲೇಜಿಗೇ ಟೆಕ್ಸಸ್ಸಿನ ಸನ್ ಬೌಲ್ ಕರೆ ಕಳಿಸಿತೆಂಬುದನ್ನು ಬಲ್ಲವರಿಗೆ ಆ ವಾದದ ತೂಕವೂ ತಿಳಿಯುತ್ತದೆ.

ಕುಹಾರಿಚ್ ವಿಷಯವನ್ನು ಹುಡುಗರ ಮುಂದಿಟ್ಟನು. ಆ ಗಳಿಗೆಯ ವಿವರಗಳು ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಬಗೆಯಾಗಿವೆ. ಆದರೆ ಒಂದು ಅಂಶದಲ್ಲಿ ಎಲ್ಲರ ಮಾತೂ ಒಂದೇ: ಮತ ಎಣಿಸುವ ಪ್ರಸಂಗವೇ ಬರಲಿಲ್ಲ. ಇಬ್ಬರನ್ನು ಬಿಟ್ಟು ಹೋಗುವುದಾದರೆ ಯಾರೂ ಹೋಗುವುದು ಬೇಡ ಎಂದು ಬಿಳಿಯ ಹುಡುಗರೇ ಮುಗಿಸಿಬಿಟ್ಟರು.

ರಂಗಸ್ಥಳದಲ್ಲಿ ಬಿಲ್ಲು ಹಿಡಿದು ನಿಂತ ಕರ್ಣನಿಗೆ ಕೃಪನು ಕುಲವನ್ನು ಕೇಳಿದ ಪ್ರಸಂಗವನ್ನು ಕನ್ನಡದ ವಾಚಕರು ಬಲ್ಲರು. ಅಲ್ಲಿ ಕರ್ಣನ ಪರವಾಗಿ ಎದ್ದವನು ಒಬ್ಬ ರಾಜಕುಮಾರ. ಅವನಿಗೆ ತನ್ನದೇ ಆದ ಲಾಭದ ಲೆಕ್ಕವೂ ಇದ್ದಿತು. ಇಲ್ಲಿ ಎದ್ದವರು ಸಾಮಾನ್ಯ ಕುಟುಂಬಗಳ ಹುಡುಗರು. ಮುಂದೆ ಜೀವಮಾನದಲ್ಲಿ ಇಂಥ ಪಂದ್ಯವನ್ನಾಡುವ ಅವಕಾಶ ಬಹುಮಂದಿಗೆ ಬರತಕ್ಕದ್ದಾಗಿರಲಿಲ್ಲ. ಹೋಗಿದ್ದರೆ ತಮ್ಮ ಆಟ ಉಳಿಯಬಹುದೆಂಬುದೂ ಅವರಿಗೆ ತಿಳಿಯದ ವಿಷಯವಲ್ಲ.

ಹಾಗೆಂದು ದಕ್ಷಿಣದ ಬಾಗಿಲುಗಳೆಲ್ಲ ಒಂದೇ ತೆರನಾಗಿ ಮುಚ್ಚಿದ್ದವೆಂದು ಭಾವಿಸಬಾರದು. 1948ರ ಹೊಸ ವರ್ಷದ ದಿನವೇ ಡಲ್ಲಾಸಿನ ಕಾಟನ್ ಬೌಲಿನಲ್ಲಿ ಪೆನ್ ಸ್ಟೇಟ್ ತಂಡದ ಪರವಾಗಿ ಇಬ್ಬರು ಕಪ್ಪು ಆಟಗಾರರು ಆಡಿದ್ದರು. ಆದರೆ ಇಂಥ ಬಾಗಿಲುಗಳು ಬಹಳ ನಿಧಾನವಾಗಿ ತೆರೆದವು. 1956ರಲ್ಲಿ ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರಿಯರ್ ಶುಗರ್ ಬೌಲಿನಲ್ಲಿ ಆಡುವುದನ್ನು ತಡೆಯಲು ಜಾರ್ಜಿಯ ರಾಜ್ಯದ ಗವರ್ನರನೇ ಮುಂದಾದನು; ಅವನ ಮಾತನ್ನು ತಿರಸ್ಕರಿಸಿ ಜಾರ್ಜಿಯ ಟೆಕ್ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆಯೇ ಆ ಪಂದ್ಯ ನಡೆದದ್ದು.

ಹಣದ ಲೆಕ್ಕ

ಬೌಲ್ ತಪ್ಪಿದ್ದರಿಂದಲೇ ತಂಡ ಮುಚ್ಚಿತೆಂದು ಕಥೆ ಹೇಳುವವರು ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಅದು ಅರ್ಧ ಸತ್ಯ. ಆ ಋತುವಿನಲ್ಲಿ ಫುಟ್‌ಬಾಲಿನಿಂದ ವಿಶ್ವವಿದ್ಯಾಲಯಕ್ಕಾದ ನಷ್ಟ ಸುಮಾರು 70,000 ಡಾಲರುಗಳೆಂದು ಹೇಳುತ್ತಾರೆ. ಬೌಲಿನ ಪಾಲು ಬಂದಿದ್ದರೆ ಆ ವರ್ಷದ ಹಳ್ಳ ತುಂಬುತ್ತಿತ್ತು, ನಿಜ. ಮುಂದಿನ ವರ್ಷ? ಫುಟ್‌ಬಾಲ್ ದುಬಾರಿ ಆಟ. ವಿದ್ಯಾರ್ಥಿವೇತನ, ಪ್ರಯಾಣ, ಉಡುಪು, ಶಿಕ್ಷಕರ ಸಂಬಳ ಎಲ್ಲವೂ ಏರುತ್ತಿದ್ದವು. ವೃತ್ತಿಪರ ತಂಡಗಳೂ ಆಗತಾನೆ ಮನೆಮನೆಗೆ ಬರುತ್ತಿದ್ದ ಟೆಲಿವಿಷನ್ನೂ ಪ್ರೇಕ್ಷಕರನ್ನು ಸೆಳೆಯುತ್ತಿದ್ದವು. ನೆರೆಯ ಸೇಂಟ್ ಮೇರೀಸ್ 1950ರ ಋತುವಿನ ಬಳಿಕವೇ ಕೈಚೆಲ್ಲಿತ್ತು. ಲೊಯೋಲ 1951ರಲ್ಲಿ, ಸಾಂಟಾ ಕ್ಲಾರಾ 1952ರಲ್ಲಿ, ಫೋರ್ಡಮ್ 1954ರಲ್ಲಿ ಅದೇ ಹಾದಿ ಹಿಡಿದವು. ಕ್ಯಾಥೊಲಿಕ್ ಕಾಲೇಜುಗಳ ಫುಟ್‌ಬಾಲಿಗೆ ಅದೊಂದು ಕ್ಷಾಮಕಾಲ. ಸ್ಯಾನ್ ಫ್ರಾನ್ಸಿಸ್ಕೋ ಇನ್ನೊಂದೆರಡು ವರ್ಷ ಉಸಿರಾಡುತ್ತಿತ್ತೇನೋ. ಮುಂದೆ ಸಣ್ಣ ಪ್ರಮಾಣದಲ್ಲಿ ಆಟ ಮತ್ತೆ ಕೆಲಕಾಲ ನಡೆದರೂ ಆ ವೈಭವ ಮರಳಲಿಲ್ಲ. ಕಾಲೇಜಿನ ಕ್ರೀಡಾಕೀರ್ತಿ ಬ್ಯಾಸ್ಕೆಟ್‌ಬಾಲಿಗೆ ವಲಸೆ ಹೋಯಿತು. ಬಿಲ್ ರಸೆಲ್ ಎಂಬ ಎತ್ತರದ ಹುಡುಗನ ನೆರವಿನಿಂದ 1955 ಮತ್ತು 1956ರಲ್ಲಿ ಅದು ರಾಷ್ಟ್ರದ ಪಟ್ಟವನ್ನೇ ಗೆದ್ದಿತು.

1951ರ ಅಧಿಕೃತ ರಾಷ್ಟ್ರಪಟ್ಟ ಟೆನೆಸೀ ವಿಶ್ವವಿದ್ಯಾಲಯಕ್ಕೆ ಸಂದಿತು. ಪತ್ರಕರ್ತರ ಕೊನೆಯ ಪಟ್ಟಿಯಲ್ಲಿ ಡಾನ್ಸ್ ಹದಿನಾಲ್ಕನೆಯವರು. ಪಟ್ಟಗಳನ್ನು ಆಗ ಬೌಲ್ ಪಂದ್ಯಗಳಿಗೆ ಮುಂಚೆಯೇ ಘೋಷಿಸುತ್ತಿದ್ದುದರಿಂದ, ಟೆನೆಸೀ ಶುಗರ್ ಬೌಲಿನಲ್ಲಿ ಮೇರಿಲೆಂಡಿಗೆ ಸೋತರೂ ಪಟ್ಟ ಕೈಬಿಡಲಿಲ್ಲ. ಇದೊಂದು ವಿನೋದ.

ಚದುರಿದವರು

ತಂಡ ಒಡೆಯಿತು, ಆಟಗಾರರು ಒಡೆಯಲಿಲ್ಲ. ಒಂಬತ್ತು ಮಂದಿ ವೃತ್ತಿಪರ ಸಂಘದಲ್ಲಿ ಆಡಿದರು. ಅವರಲ್ಲಿ ಮ್ಯಾಟ್ಸನ್, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ಆ ಆಟದ ಕೀರ್ತಿಭವನಕ್ಕೆ ಸೇರಿದರು; ಮೊದಲಿಬ್ಬರಿಗೆ ಆ ಗೌರವ ಬಂದದ್ದು ಒಂದೇ ವರ್ಷದಲ್ಲಿ, 1972ರಲ್ಲಿ. ಮ್ಯಾಟ್ಸನ್ ವೃತ್ತಿಗಿಳಿಯುವ ಮೊದಲು 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟಕ್ಕೆ ಹೋಗಿ 400 ಮೀಟರ್ ಓಟದಲ್ಲಿ ಕಂಚನ್ನೂ ರಿಲೇ ಓಟದಲ್ಲಿ ಬೆಳ್ಳಿಯನ್ನೂ ತಂದನು. 1959ರಲ್ಲಿ ಲಾಸ್ ಏಂಜಲಿಸಿನ ರ‍್ಯಾಮ್ಸ್ ತಂಡ ಅವನೊಬ್ಬನನ್ನು ಪಡೆಯಲು ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು. ಆ ವ್ಯವಹಾರ ಕುದುರಿಸಿದ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಹಳೆಯ ಸುದ್ದಿಗಾರ ಪೀಟ್ ರೋಝೆಲ್. ಮರುವರ್ಷ ಅವನು ಇಡೀ ಸಂಘದ ಕಮಿಷನರ್ ಆದನು. 1989ರವರೆಗೆ ಆ ಪದವಿಯಲ್ಲಿದ್ದನು.

ಟೋಲರನ ಪಾಲು ಬೇರೆ. 1952ರ ಬೇಸಗೆಯಲ್ಲಿ ಷಿಕಾಗೋದಲ್ಲಿ ನಡೆದ ಕಾಲೇಜು ವೀರರ ಪ್ರದರ್ಶನ ಪಂದ್ಯದಲ್ಲಿ, ರ‍್ಯಾಮ್ಸ್ ತಂಡದ ವಿರುದ್ಧ ಆಡುವಾಗ ಅವನ ಮೊಣಕಾಲು ಮುರಿಯಿತು. ವೃತ್ತಿಪರ ಆಟಗಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿ ಶಾಲೆಯ ಉಪಾಧ್ಯಾಯನಾದನು, ಅನಂತರ ಮುಖ್ಯೋಪಾಧ್ಯಾಯನಾದನು. ರಜಾದಿನಗಳಲ್ಲಿ ತೀರ್ಪುಗಾರನ ಪಟ್ಟೆ ಅಂಗಿ ತೊಟ್ಟು ಸಣ್ಣಪುಟ್ಟ ಪಂದ್ಯಗಳಿಗೆ ಹೋಗುತ್ತಿದ್ದನು. 1965ರಲ್ಲಿ, ರೋಝೆಲ್ ಅಧಿಪತಿಯಾಗಿದ್ದಾಗ, ವೃತ್ತಿಪರ ಫುಟ್‌ಬಾಲ್ ಸಂಘ ಅವನನ್ನು ತೀರ್ಪುಗಾರನನ್ನಾಗಿ ನೇಮಿಸಿತು. ಆ ಸಂಘದಲ್ಲಿ ಈ ಹುದ್ದೆಗೇರಿದ ಮೊದಲ ಕಪ್ಪು ಜನಾಂಗದವನು ಅವನೇ. ಇಪ್ಪತ್ತೈದು ಋತುಗಳ ಕಾಲ ಶನಿವಾರ ವಿಮಾನವೇರಿ, ಭಾನುವಾರ ಸೀಟಿ ಊದಿ, ಸೋಮವಾರ ತನ್ನ ವೃತ್ತಿಗೆ ಮರಳುವುದು ಅವನ ಜೀವನಕ್ರಮವಾಯಿತು.

1980ರ ಜನವರಿಯಲ್ಲಿ ವೃತ್ತಿಪರ ಫುಟ್‌ಬಾಲಿನ ಮಹಾಪಂದ್ಯವಾದ ಸೂಪರ್ ಬೌಲ್ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ನಡೆಯಿತು. ಒಂದು ಕಡೆ ಪಿಟ್ಸ್‌ಬರ್ಗ್, ಇನ್ನೊಂದು ಕಡೆ ಅದೇ ರ‍್ಯಾಮ್ಸ್. ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರ ಮುಂದೆ ಗೆರೆಯ ಪಕ್ಕದಲ್ಲಿ ಮುಖ್ಯ ಲೈನ್ಸ್‌ಮನ್ ಆಗಿ ನಿಂತವನು ಬರ್ಲ್ ಟೋಲರ್. ಯಾವ ಸೂಪರ್ ಬೌಲಿನಲ್ಲಿಯೂ ಅದುವರೆಗೆ ಕಪ್ಪು ಜನಾಂಗದ ತೀರ್ಪುಗಾರ ನಿಂತಿರಲಿಲ್ಲ.

ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ, ಸೇಂಟ್ ಕ್ಲೇರ್ 2015ರಲ್ಲಿ, ಮಾರ್ಕೆಟ್ಟಿ 2019ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿನಿಲಯವೊಂದಕ್ಕೆ ಜೇಮ್ಸ್ ಫೀಲನ್ ಎಂಬ ಹಳೆಯ ರಾಜಕಾರಣಿಯ ಹೆಸರಿತ್ತು. ಜಪಾನೀಯರು ಕ್ಯಾಲಿಫೋರ್ನಿಯದಲ್ಲಿ ನೆಲೆಸಬಾರದೆಂದು ಬಹಿರಂಗವಾಗಿ ವಾದಿಸಿದವನು ಅವನು. 2017ರಲ್ಲಿ ವಿದ್ಯಾರ್ಥಿಗಳ ಒತ್ತಾಯದ ಮೇಲೆ ಆ ಹೆಸರನ್ನು ತೆಗೆದರು. ಅಲ್ಲೀಗ ಇರುವುದು ಟೋಲರ್ ಹಾಲ್.